ಬೇಡ ಎಂದ ಹೆಸರು

ಸರಗೂರು
೧೪ ಜುಲೈ ೧೯೬೯

ಪ್ರೀತಿಯ ಭದ್ರಾ,

ನಿನ್ನ ಬೊಂಬಾಯಿ ವಿಳಾಸವನ್ನು ಪಿರಿಯಾಪಟ್ಟಣದ ನಿಮ್ಮ ತಂದೆಯವರಿಂದ ತರಿಸಿಕೊಳ್ಳುವಷ್ಟರಲ್ಲಿ ಮಳೆಗಾಲವೇ ಬಂತು. ನನ್ನ ಮದುವೆಗೆ ಬಂದವಳು ಊಟಕ್ಕೂ ನಿಲ್ಲದೆ ಹೊರಟುಹೋದೆ. ಆಮೇಲೆ ಒಂದು ಕಾರ್ಡೂ ಇಲ್ಲ. ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದು ಎಂ.ಎಸ್ಸಿ. ಮಾಡಿದವರು ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಯಜಮಾನರು ಗದ್ದೆ ಹೊಲ ನೋಡಿಕೊಳ್ಳುತ್ತಾರೆ. ಬಸವರಾಜು ಅಂತ ಹೆಸರು ನಿನಗೆ ನೆನಪಿದೆಯೋ ಇಲ್ಲವೋ. ಮಾತು ಕಡಿಮೆ, ನಗು ಜಾಸ್ತಿ. ಅತ್ತೆ ಚಿಕ್ಕಸಿದ್ದಮ್ಮ ಆ ಕೊರತೆ ತುಂಬಿಕೊಡುತ್ತಾರೆ. ಕೃಷ್ಣರಾಜನಗರದ ನಾಲೆ ನೀರಿನಲ್ಲಿ ಬೆಳೆದವಳಿಗೆ ರಾಗಿ ಬೀಸಲು ಬರುವುದಿಲ್ಲ ಎನ್ನುವುದು ಅವರಿಗೆ ಇನ್ನೂ ಮುಗಿಯದ ಆಶ್ಚರ್ಯ.

ಇಲ್ಲಿ ಕಬಿನಿಗೆ ಅಣೆಕಟ್ಟು ಕಟ್ಟುತ್ತಿದ್ದಾರೆ. ಹೋದ ವಾರ ಹೊಳೆಯ ಮೇಲಿನ ಒಂದು ದಾರಿ ಮುಚ್ಚಿದರು. ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಕೂಗಾಡತೊಡಗಿದರು: ನಮ್ಮೂರಿಗೆ ಹೆಂಗೆ, ನಮ್ಮೂರಿಗೆ ಹೆಂಗೆ. ಕಂಡಕ್ಟರ್ ಬೆಟ್ಟಸ್ವಾಮಿ ಸೀಟಿನ ಮೇಲೆ ಹತ್ತಿ ನಿಂತ. "ವಳೆ ದಾಟೋರು ಮಾತ್ರ ಕೇಳ್ರಪ್ಪಾ! ಕ್ವಾಟೆಗೋಗೋರು ಯಾಕ್ರೀ ಬಡ್ಕತೀರಿ, ಸುಮ್ಕೆ ಕುಂತ್ಕಳಿ!" ಎಲ್ಲರೂ ನಕ್ಕರು. ನಾನು ಮನೆಗೆ ಬಂದ ಮೇಲೂ ಅದನ್ನೇ ಯೋಚಿಸುತ್ತಿದ್ದೆ. ಒಂದು ದಾರಿ ಹೋದರೆ ಎಲ್ಲ ಊರಿನ ದಾರಿಯನ್ನೂ ಮತ್ತೆ ಲೆಕ್ಕ ಹಾಕಬೇಕೇ? ಆ ದಾರಿಯನ್ನೇ ನೆಚ್ಚಿಕೊಂಡವರು ಯಾರೋ ಅವರಷ್ಟೇ ಕೇಳಿದರೆ ಸಾಲದೇ? ನಮ್ಮ ಮೇಷ್ಟ್ರು ಇದ್ದಿದ್ದರೆ ಇದಕ್ಕೊಂದು ಚಂದದ ಪ್ರಮೇಯ ಮಾಡುತ್ತಿದ್ದರು. ನನಗೆ ಸಾರಿಗೆ ಒಗ್ಗರಣೆ ಹಾಕಬೇಕಾಗಿತ್ತು.

ಈಗ ನೀನು ಮಾಡುತ್ತಿರುವ ಕೆಲಸದ ಸಂದರ್ಶನಕ್ಕೆ ಇಬ್ಬರಿಗೂ ಕರೆ ಬಂದಿತ್ತು. ನೀನು ಬೊಂಬಾಯಿಗೆ ಹೋದೆ, ನನ್ನನ್ನು ನೋಡಲು ಅದೇ ವಾರ ಸರಗೂರಿನಿಂದ ಬಂದರು. ಒಳ್ಳೆಯದೇ ಆಯಿತು ಅನ್ನು. ಇಲ್ಲದಿದ್ದರೆ ಇಬ್ಬರಲ್ಲಿ ಯಾರಿಗೆ ಸಿಕ್ಕರೂ ಇನ್ನೊಬ್ಬಳು ಮೂತಿ ಊದಿಸುತ್ತಿದ್ದಳು. ಆ ಕಂಪ್ಯೂಟರ್ ಎನ್ನುವುದು ಹೇಗಿದೆ, ಏನು ತಿನ್ನುತ್ತದೆ, ಎಲ್ಲ ಬರೆ.

ನಿನ್ನ
ಸುನಂದ


ಬೊಂಬಾಯಿ
೩ ಆಗಸ್ಟ್ ೧೯೬೯

ಸುನಂದಾ,

ಊಟದ ಬೈಗುಳ ಒಪ್ಪಿಕೊಂಡೆ. ರೈಲಿಗೆ ಹೊತ್ತಾಗಿತ್ತು, ಅಷ್ಟೇ.

ಕಂಪ್ಯೂಟರ್ ಇರುವುದು ಛತ್ರದಷ್ಟು ದೊಡ್ಡ ಕೋಣೆಯಲ್ಲಿ. ಆ ಕೋಣೆ ಸದಾ ತಣ್ಣಗಿರುತ್ತದೆ, ನಾವು ಬೆವರುತ್ತ ಹೊರಗೆ ಸರದಿಗೆ ಕಾಯುತ್ತೇವೆ. ತಿನ್ನುವುದು ರಟ್ಟಿನ ಕಾರ್ಡು. ಕಾರ್ಡಿನಲ್ಲಿ ತೂತು ಹೊಡೆದು ನಮ್ಮ ಪ್ರಶ್ನೆ ಬರೆಯಬೇಕು. ಒಂದು ತೂತು ತಪ್ಪಿದರೆ ಇಡೀ ಕಟ್ಟು ವಾಪಸ್ಸು ಬರುತ್ತದೆ.

ನಗಬೇಡ, ನಿನ್ನ ಬಸ್ಸಿನ ಕತೆಯನ್ನು ನಾನು ಮೂರು ಸಲ ಓದಿದೆ. ನಾನು ಇಲ್ಲಿ ಕೂತಿರುವುದೇ ಆ ಪ್ರಶ್ನೆಯ ಮೇಲೆ! ದೊಡ್ಡದೊಂದು ದಾರಿಗಳ ಜಾಲ ಕೊಟ್ಟರೆ ಎಲ್ಲಿಂದ ಎಲ್ಲಿಗೆ ಹತ್ತಿರ ಎಂದು ಯಂತ್ರ ಹೇಳುತ್ತದೆ. ಆದರೆ ನಡುವೆ ಒಂದು ದಾರಿ ತುಂಡಾಯಿತೆನ್ನು, ಆಗ ಪೂರ್ತಿ ಲೆಕ್ಕ ಮೊದಲಿನಿಂದ ಶುರು. ಇದನ್ನು ತಪ್ಪಿಸಲಾಗದೆ ಒಂದು ವರ್ಷದಿಂದ ತಲೆ ಚಚ್ಚಿಕೊಂಡಿದ್ದೇನೆ. "ನೆಚ್ಚಿಕೊಂಡವರಷ್ಟೇ ಕೇಳಲಿ" ಎನ್ನುವುದು ಸರಿ. ಆದರೆ ಅಲ್ಲಿಯೇ ಒಂದು ಗಂಟಿದೆ ನೋಡು. ಹೊಳೆಯಾಚೆ ಎರಡು ಊರುಗಳಿವೆ ಎಂದುಕೊ. ಇಬ್ಬರ ದಾರಿಯೂ ಮುಳುಗಿದೆ. ಮೊದಲನೆಯವರು "ಪಕ್ಕದೂರಿನ ಮೇಲೆ ಹೋಗುತ್ತೇವೆ" ಅನ್ನುತ್ತಾರೆ. ಪಕ್ಕದೂರಿನವರು "ಇವರೂರಿನ ಮೇಲೆ ಹೋಗುತ್ತೇವೆ" ಅನ್ನುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಸುತ್ತುತ್ತಲೇ ಇರುತ್ತಾರೆ. ಮೊನ್ನೆ ಯಂತ್ರವೂ ಹಾಗೇ ಸುತ್ತಿತು. ಕೊನೆಗೆ ನಿಲ್ಲಿಸಿಬಿಟ್ಟರು.

ಇದಕ್ಕೇನು ಮಾಡುತ್ತೀ? ಸಾರು ಇಳಿಸಿದ ಮೇಲೆ ಯೋಚಿಸು.

ನಿನ್ನ
ಭದ್ರ


ಸರಗೂರು
೯ ನವೆಂಬರ್ ೧೯೬೯

ಪ್ರೀತಿಯ ಭದ್ರಾ,

ತಡವಾಯಿತು. ಆದರೆ ಬರಿಗೈಯಲ್ಲಿ ಬಂದಿಲ್ಲ. ಇದರ ಜೊತೆ ಇರುವ ಹನ್ನೊಂದು ಹಾಳೆ ನೋಡು.

ಸುತ್ತುವುದು ಯಾಕೆಂದರೆ ಅವರು ಹಳೆಯ ಮಾತನ್ನು ಬಿಡುವುದಿಲ್ಲ. ಪಕ್ಕದೂರಿಗೆ ದಾರಿಯಿದೆ ಎಂದು ಮೊನ್ನೆ ಕೇಳಿದ್ದನ್ನೇ ಇವತ್ತೂ ನಂಬಿರುತ್ತಾರೆ. ಅದಕ್ಕೆ ಮೊದಲು, ಮುಳುಗಿದ ದಾರಿಯನ್ನು ನೆಚ್ಚಿದವರೆಲ್ಲ ತಮಗೆ ದಾರಿಯೇ ಇಲ್ಲ ಎಂದು ಒಪ್ಪಿಕೊಂಡುಬಿಡಬೇಕು. ಎಲ್ಲರೂ, ಒಬ್ಬರೂ ಬಿಡದೆ. ಅಲ್ಲಿಯವರೆಗೆ ಯಾರೂ ಯಾರನ್ನೂ ಕೇಳಕೂಡದು. ಆಮೇಲೆ ಒಣನೆಲದ ಅಂಚಿನಲ್ಲಿರುವ ಊರಿನಿಂದ ಶುರು ಮಾಡು. ದಾರಿ ಕಳೆದುಕೊಳ್ಳದವರ ಪಕ್ಕದಲ್ಲಿರುವ ಊರು ಮೊದಲು, ಅದರಲ್ಲೂ ಯಾರಿಗೆ ಹೊಸ ದಾರಿ ಎಲ್ಲಕ್ಕಿಂತ ಹತ್ತಿರವೋ ಅವರು ಮೊದಲು, ಅವರ ಪಕ್ಕದವರು ಆಮೇಲೆ. ಹೀಗೆ ಮಾಡಿದರೆ ಸುತ್ತುವುದು ಸಾಧ್ಯವೇ ಇಲ್ಲ. ಸಾಧನೆ ಐದನೆಯ ಹಾಳೆಯಿಂದ ಇದೆ. ಎಂಟನೆಯ ಹಾಳೆಯಲ್ಲಿ ಅರಿಸಿನದ ಕಲೆಯಿದೆ, ಅದು ಗಣಿತವಲ್ಲ.

ಶಾಲೆಯಲ್ಲಿ ಆಟದ ಪೀರಿಯಡ್ಡಿನಲ್ಲಿ ಕೂತು ಬರೆದೆ. ಮನೆಯಲ್ಲಿ ಒಂದು ದಿನ ಅತ್ತೆ ಬಗ್ಗಿ ನೋಡಿದರು. ಊರುಗಳಿಗೆ ಚುಕ್ಕಿ ಇಟ್ಟು ಗೆರೆ ಎಳೆದಿದ್ದೆ. "ಏನವ್ವಾ ಅದು, ರಂಗೋಲಿನೂ ಕಾಗ್ದದ ಮ್ಯಾಲೆ ಬರ್ದಿಟ್ಕತೀಯ? ಅಟ್ಟಿ ಮುಂದೆ ಬುಡು ಅಂದ್ರೆ ನಾಕೇ ಚುಕ್ಕಿ ಇಕ್ತೀಯಲ್ಲ!" ಎಂದರು. ಯಜಮಾನರು ಮೂರು ದಿನ ನಕ್ಕರು.

ಇಷ್ಟು ಸಂತೋಷವಾಗಿ ಎಷ್ಟು ಕಾಲವಾಗಿತ್ತೋ ಭದ್ರಾ. ಬೇಗ ಬರೆ.

ನಿನ್ನ
ಸುನಂದ


ಬೊಂಬಾಯಿ
೧೧ ಫೆಬ್ರವರಿ ೧೯೭೦

ಸುನಂದಾ,

ಯಂತ್ರಕ್ಕೆ ಹಾಕಿ ನೋಡಿದೆವು. ಮೊದಲ ಸಲ ತೂತು ತಪ್ಪಿತು. ಎರಡನೆಯ ಸಲ ಉತ್ತರ ಬಂದಾಗ ಯಂತ್ರ ಕೆಟ್ಟಿದೆಯೇನೋ ಎಂದು ಕೋಣೆಯವರು ನೋಡಲು ಬಂದರು, ಅಷ್ಟು ಬೇಗ ಮುಗಿಸಿತ್ತು. ನಮ್ಮ ಸಂಸ್ಥೆಯ ನಿರ್ದೇಶಕರು ಯಾರನ್ನೂ ಹೊಗಳುವವರಲ್ಲ. "ಇದನ್ನು ಇದೇ ವರ್ಷ ಅಚ್ಚು ಮಾಡಿಸಬೇಕು" ಎಂದರು.

ಎರಡು ತಿಂಗಳಿಂದ ನಿನ್ನ ಹಾಳೆಗಳಿಗೂ ಯಂತ್ರಕ್ಕೆ ನಾನು ಬರೆದ ಪ್ರೋಗ್ರಾಮಿಗೂ ಹೊಂದಿಸಿ ಲೇಖನ ಬರೆಯುತ್ತಿದ್ದೇನೆ. ಇಬ್ಬರ ಹೆಸರೂ ಹಾಕಬೇಕೆಂದಿದ್ದೇನೆ. ನಿನ್ನೆ ನಿರ್ದೇಶಕರು ಕೇಳಿದರು, ಈಕೆ ಯಾವ ಸಂಸ್ಥೆಯವರು, ಹೆಸರಿನ ಕೆಳಗೆ ಏನೆಂದು ಹಾಕುವುದು ಎಂದು. ಏನು ಬರೆಯಲಿ? ನಿಮ್ಮ ಮನೆಯವರದು ಏನೂ ಅಡ್ಡಿಯಿಲ್ಲ ತಾನೆ? ಮಾರ್ಚಿ ಮಧ್ಯದೊಳಗೆ ಕಳಿಸಬೇಕು. ನನ್ನ ಕೆಲಸ ಕಾಯಂ ಆಗುವುದೂ ಈ ವರ್ಷದ ಪ್ರಕಟಣೆಯ ಮೇಲೆ ನಿಂತಿದೆ. ಬೇಗ ತಿಳಿಸು.

ಅವಸರದಲ್ಲಿ,
ಭದ್ರ


ಸರಗೂರು
೨ ಮಾರ್ಚ್ ೧೯೭೦

ಪ್ರೀತಿಯ ಭದ್ರಾ,

ಪತ್ರ ತಲುಪಿತು. ತುಂಬ ಸಂತೋಷ.

ನನ್ನ ಹೆಸರು ಬೇಡ. ನಾನು ಬರೆದದ್ದು ಬಸ್ಸಿನ ಹರಟೆ, ಲೇಖನ ಮಾಡಿದವಳು ನೀನು. ಹೆಸರಿನ ಕೆಳಗೆ ಬರೆಯುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ನಿನ್ನ ಕೆಲಸ ಕಾಯಂ ಆಗಲಿ.

ಇಲ್ಲಿ ಎಲ್ಲರೂ ಕ್ಷೇಮ. ಮಾವಿನ ಮರ ಹೂ ಬಿಟ್ಟಿದೆ.

ಸುನಂದ


ಬೊಂಬಾಯಿ
೧೨ ಮಾರ್ಚ್ ೧೯೭೦

ಸುನಂದಾ,

ನಿನ್ನ ಮಾತಿನಂತೆ ಲೇಖನವನ್ನು ಇವತ್ತು ಕಳಿಸಿಬಿಟ್ಟೆ. ನಿನ್ನದು ದೊಡ್ಡ ಮನಸ್ಸು ಕಣೇ. ಕೊನೆಯಲ್ಲಿ "ಉಪಯುಕ್ತ ಚರ್ಚೆಗಾಗಿ ಸರಗೂರಿನ ಗೆಳತಿಗೆ ಕೃತಜ್ಞತೆ" ಎಂದು ಸೇರಿಸಿದ್ದೇನೆ. ನಿಮ್ಮ ಮನೆಯವರಿಗೆ ಇದರಿಂದ ಬೇಸರವಾಗಲಾರದು ಎಂದುಕೊಂಡಿದ್ದೇನೆ. ಹೆಸರಿಲ್ಲವಲ್ಲ.

ಇದರ ಮುಂದಿನ ಭಾಗವನ್ನು ಇಬ್ಬರೂ ಸೇರಿ ಯೋಚಿಸೋಣ. ಒಂದು ದಾರಿ ಹೋದರೆ ಸರಿ, ಒಂದೇ ಸಲ ಹತ್ತು ದಾರಿ ಹೋದರೆ? ಬರೆ.

ನಿನ್ನ
ಭದ್ರ


ಬೊಂಬಾಯಿ
೫ ಡಿಸೆಂಬರ್ ೧೯೭೩

ಪ್ರೀತಿಯ ಸುನಂದಾ,

ಮೂರು ವರ್ಷದಲ್ಲಿ ನಾನು ಬರೆದ ಪತ್ರಗಳಿಗೆ ನಿನ್ನಿಂದ ಒಂದೂ ಉತ್ತರವಿಲ್ಲ. ಮೊದಮೊದಲು ಅಂಚೆಯ ತಪ್ಪು ಅಂದುಕೊಂಡೆ. ಆಮೇಲೆ, ಮದುವೆಯಾದವಳಿಗೆ ಪುರುಸೊತ್ತೆಲ್ಲಿ ಎಂದು ಸುಮ್ಮನಾದೆ. ನಾನೂ ಬರೆಯುವುದನ್ನು ಬಿಟ್ಟೆ.

ಇವತ್ತು ಬರೆಯದೆ ಇರಲಾರೆ. ಗಣಕ ವಿಜ್ಞಾನ ಪರಿಷತ್ತಿನವರು ಐದು ವರ್ಷಕ್ಕೊಮ್ಮೆ ಕೊಡುವ ಸುವರ್ಣ ಪದಕ ನಮ್ಮ ಲೇಖನಕ್ಕೆ ಬಂದಿದೆ. ದೇಶದಲ್ಲಿ ಈ ವಿದ್ಯೆಗೆ ಇದಕ್ಕಿಂತ ದೊಡ್ಡ ಮನ್ನಣೆ ಇಲ್ಲ. ಇದುವರೆಗೆ ಯಾವ ಹೆಂಗಸಿಗೂ ಬಂದಿಲ್ಲ. ಫೆಬ್ರವರಿ ೨೩ರಂದು ದೆಹಲಿಯಲ್ಲಿ ಸಮಾರಂಭ. ನೀನು ಬರಲೇಬೇಕು. ರೈಲಿಗೆ ನಾನು ವ್ಯವಸ್ಥೆ ಮಾಡುತ್ತೇನೆ, ಬಸವರಾಜು ಅವರನ್ನೂ ಕರೆದುಕೊಂಡು ಬಾ. ಮುಂದಿನ ಸಾಲಿನಲ್ಲಿ ನೀನು ಕೂತಿರುವುದನ್ನು ನೋಡಬೇಕು ನಾನು.

ನಿನ್ನ
ಭದ್ರ


ಸರಗೂರು
೨೦ ಡಿಸೆಂಬರ್ ೧೯೭೩

ಮಾನ್ಯ ಕುಮಾರಿ ಭದ್ರಮ್ಮನವರಿಗೆ ವಂದನೆಗಳು.

ತಮಗೆ ಪದಕ ಬಂದ ಸಂಗತಿ ತಿಳಿದು ನಮ್ಮ ಮನೆಯವರೆಲ್ಲರಿಗೂ ಹೆಮ್ಮೆಯಾಯಿತು. ಸಮಾರಂಭದ ಸಮಯಕ್ಕೆ ಶಾಲೆಯಲ್ಲಿ ಪರೀಕ್ಷೆಯ ತಯಾರಿ ಇರುವುದರಿಂದ ಬರಲಾಗುವುದಿಲ್ಲ. ನಮ್ಮ ಮಗಳಿಗೆ ಎರಡು ವರ್ಷ, ಅವಳನ್ನು ಬಿಟ್ಟಿರುವುದೂ ಕಷ್ಟ.

ನೀವು ಮುಂದೆಯೂ ಹೀಗೆಯೇ ಕೀರ್ತಿ ಪಡೆಯುವಂತಾಗಲಿ ಎಂದು ಹಾರೈಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬಿ. ಸುನಂದಮ್ಮ
ಸಹಾಯಕ ಶಿಕ್ಷಕಿ


ಬೊಂಬಾಯಿ
೩ ಜನವರಿ ೧೯೭೪

ಸುನಂದಾ,

ನನ್ನನ್ನು "ನೀವು" ಅಂದೆಯಾ?

ಆ ಕಾಗದವನ್ನು ಬೇರೆ ಯಾರೋ ಬರೆದುಕೊಟ್ಟಿರಬೇಕು ಎಂದು ಅಕ್ಷರವನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಿನ್ನದೇ. ನಿನಗೆ ಮಗಳು ಹುಟ್ಟಿದ್ದು ಎರಡು ವರ್ಷದ ಮೇಲೆ ನನಗೆ ಹೀಗೆ, ಬರಲಾಗದ್ದಕ್ಕೆ ಒಂದು ಕಾರಣವಾಗಿ ತಿಳಿಯಬೇಕೆ? ಅವಳ ಹೆಸರನ್ನೂ ನೀನು ಬರೆದಿಲ್ಲ.

ನಾನೇನು ತಪ್ಪು ಮಾಡಿದೆ ಹೇಳು. ಹೆಸರಿನ ವಿಷಯವೇ ಆದರೆ, ಬೇಡ ಎಂದವಳು ನೀನೇ. ನಿನ್ನ ಗಂಡನ ಮನೆಯಲ್ಲಿ ಒಪ್ಪಲಿಲ್ಲ ಎಂದು ನಾನು ಊಹಿಸಿದೆ. ಅದನ್ನು ಕೆದಕಿ ನಿನಗೆ ತೊಂದರೆ ಕೊಡಬಾರದೆಂದು ಮತ್ತೆ ಕೇಳಲಿಲ್ಲ. ನೀನು ಹೇಳಿದಂತೆ ನಡೆದುಕೊಂಡದ್ದಕ್ಕೆ ಇಷ್ಟು ಕೋಪವೇ? ಬೈಯುವುದಾದರೆ ಏಕವಚನದಲ್ಲಿ ಬೈ.

ಭದ್ರ


ಸರಗೂರು
೧೬ ಜನವರಿ ೧೯೭೪

ಭದ್ರಾ,

ಸರಿ, ಏಕವಚನದಲ್ಲೇ ಬೈಯುತ್ತೇನೆ.

ನನ್ನ ಗಂಡ ಬೇಡ ಎಂದರು ಅಂತ ನಿನಗೆ ಯಾರು ಹೇಳಿದರು? ನಿನ್ನ ಕಾಗದ ಬಂದ ದಿನ ಅವರು ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದರು. ಓದಿ ಹೇಳಿದೆ. ಚೊಂಬನ್ನು ಅಲ್ಲೇ ಇಟ್ಟರು. "ಎಸ್ರು ಪ್ರಿಂಟಾಯ್ತದಾ? ಇಂಗ್ಲೀಸ್ನಲ್ಲಾ? ಆಕ್ಸು ಕಣಮ್ಮಿ, ಅದರಲ್ಲಿ ಕೇಳೋದೇನದೆ!" ಎಂದು ಒದ್ದೆ ಕಾಲಿನಲ್ಲೇ ಹೆಡ್‌ಮಾಸ್ಟರ ಮನೆಗೆ ಹೋದರು. ಶಾಲೆಯ ಹೆಸರನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಚೀಟಿಯಲ್ಲಿ ಬರೆಸಿಕೊಂಡು ಬಂದರು. ಅಂಥವರ ಮೇಲೆ ನೀನು ಮೂರು ವರ್ಷ ತಪ್ಪು ಹೊರಿಸಿಕೊಂಡು ಕೂತಿದ್ದೆ.

ಬೇಡ ಎಂದದ್ದು ನಾನು. ಯಾಕೆಂದರೆ "ಈಕೆ ಯಾವ ಸಂಸ್ಥೆಯವರು" ಎಂಬ ಮಾತು ನನಗೆ ಚುಚ್ಚಿತು. ಅದು ನಿರ್ದೇಶಕರ ಪ್ರಶ್ನೆ ಎಂದು ನೀನು ಬರೆದಿದ್ದೆ. ಅದರ ಹಿಂದೆಯೇ ನಿನ್ನ ಕೆಲಸ ಕಾಯಂ ಆಗುವ ಮಾತನ್ನೂ ಬರೆದಿದ್ದೆ. ಎರಡನ್ನೂ ಕೂಡಿಸಿ ಓದಿದೆ. ಸರಗೂರಿನ ಹೈಸ್ಕೂಲಿನ ಹೆಸರು ನಿನ್ನ ಹೆಸರಿನ ಪಕ್ಕ ಕೂತರೆ ನಿನಗೆ ಕಷ್ಟ, ಬಾಯಿಬಿಟ್ಟು ಹೇಳಲಾರದೆ ಹೀಗೆ ಕೇಳುತ್ತಿದ್ದಾಳೆ ಎಂದುಕೊಂಡೆ. ಅದಕ್ಕೆ ಬೇಡ ಎಂದು ಬರೆದೆ.

ಬರೆದು ಹಾಕಿದ ಮೇಲೆ ಕಾದೆ. ನೀನು ಸಿಟ್ಟಿನಿಂದ ಬರೆಯುತ್ತೀ, "ಏನೇ ಹುಚ್ಚಿ, ಯಾರು ನಿನ್ನನ್ನು ಕೇಳಿದರು, ಹೆಸರು ಹಾಕಿಯಾಗಿದೆ" ಎನ್ನುತ್ತೀ ಎಂದು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಪಾಠ ನಿಲ್ಲಿಸುತ್ತಿದ್ದೆ. ಬಂದದ್ದು "ನಿನ್ನ ಮಾತಿನಂತೆ ಕಳಿಸಿಬಿಟ್ಟೆ." ನನ್ನ ಮಾತನ್ನು ನೀನು ಯಾವತ್ತು ಅಷ್ಟು ಬೇಗ ಕೇಳಿದ್ದೆ? "ಉಪಯುಕ್ತ ಚರ್ಚೆ" ಅಂತೆ. ಹನ್ನೊಂದು ಹಾಳೆಗೆ ಅದು ಹೆಸರು.

ಇವತ್ತು ಇಷ್ಟು ಬರೆದ ಮೇಲೆ ಎದೆ ಸ್ವಲ್ಪ ಹಗುರವಾಗಿದೆ. ಮಗಳ ಹೆಸರು ಗೌರಿ. ಬಲು ಹಟಮಾರಿ.

ಸುನಂದ


ಬೊಂಬಾಯಿ
೪ ಫೆಬ್ರವರಿ ೧೯೭೪

ಸುನಂದಾ,

ನಿನ್ನ ಕಾಗದ ಬಂದ ದಿನದಿಂದ ನಾನು ಸರಿಯಾಗಿ ಊಟ ಮಾಡಿಲ್ಲ. ನಿನಗೆ ಹೇಳಬೇಕಾದ್ದು ಒಂದಿದೆ. ನೀನು ಬೇಡ ಎಂದು ಬರೆದಾಗ ನನಗೆ ಅಯ್ಯೋ ಅನ್ನಿಸಿತು, ನಿಜ. ಆದರೆ ಅದರ ಜೊತೆಯಲ್ಲೇ, ಸದ್ಯ, ಇನ್ನು ನಿರ್ದೇಶಕರಿಗೆ ಏನೂ ವಿವರಿಸಬೇಕಿಲ್ಲ ಎಂದೂ ಅನ್ನಿಸಿತು. ಆ "ಸದ್ಯ" ಇದ್ದದ್ದರಿಂದಲೇ ನಾನು ಇನ್ನೊಂದು ಸಲ ಕೇಳಲಿಲ್ಲ. ಗಂಡನ ಮನೆಯವರು ಒಪ್ಪಲಿಲ್ಲ ಎನ್ನುವುದು ನನಗೆ ಅನುಕೂಲವಾದ ಊಹೆ.

ಈಗ ಮಾಡಬೇಕಾದ್ದನ್ನು ಮಾಡಿದ್ದೇನೆ. ಪದಕ ಬೇಡ ಎಂದು ಪರಿಷತ್ತಿಗೆ ಬರೆದುಹಾಕಿದೆ. ಕೆಲಸ ನನ್ನೊಬ್ಬಳದಲ್ಲ, ಒಬ್ಬಳೇ ನಿಂತು ತೆಗೆದುಕೊಳ್ಳಲಾರೆ ಎಂದು ತಿಳಿಸಿದ್ದೇನೆ. ಸರಿ, ಬೇರೆಯವರಿಗೆ ಕೊಡುತ್ತೇವೆ ಎಂದು ನಿನ್ನೆ ಅವರ ತಂತಿ ಬಂತು. ನಿರ್ದೇಶಕರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ನಾಲ್ಕು ವರ್ಷದ ಮೇಲೆ ನಿನ್ನ ಮುಖ ನೋಡುವ ಯೋಗ್ಯತೆ ಬಂದ ಹಾಗಾಗಿದೆ.

ಗೌರಿಗೆ ನನ್ನ ಮುತ್ತು.

ನಿನ್ನ
ಭದ್ರ


ಸರಗೂರು
೧೨ ಫೆಬ್ರವರಿ ೧೯೭೪

ಭದ್ರಾ,

ಯಾರನ್ನು ಕೇಳಿ ಬೇಡ ಎಂದೆ?

ಅಂದು ಬೈದು ಬರೆದು ಹಾಕಿದ ಮೇಲೆ ನನ್ನ ಕೋಪ ಇಳಿದಿತ್ತು. ಮಾರನೆಯ ದಿನವೇ ಯಜಮಾನರಿಗೆ ಹೇಳಿದೆ, ದೆಹಲಿಗೆ ಹೋಗೋಣ ಎಂದು. ನಿನಗೆ ತಿಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದು, ಸಭೆ ಮುಗಿದ ಮೇಲೆ ಎದುರಿಗೆ ಬಂದು ನಿಲ್ಲೋಣ, ನಿನ್ನ ಮುಖ ಹೇಗಾಗುತ್ತದೆ ನೋಡೋಣ ಎಂದಿತ್ತು. ಅವರು ಮೈಸೂರಿಗೆ ಹೋಗಿ ಟಿಕೆಟ್ಟು ಮಾಡಿಸಿದರು. ನನಗೊಂದು ಸ್ವೆಟರು ತಂದರು, ಬದನೆಕಾಯಿ ಬಣ್ಣದ್ದು. "ಡಿಲ್ಲೀಲಿ ಬಲೇ ಸಳಿಯಂತೆ ಕಣಮ್ಮಿ" ಎಂದು ಇಲ್ಲಿಯ ಸೆಕೆಯಲ್ಲೇ ತೊಡಿಸಿ ನೋಡಿದರು. ಅತ್ತೆ ಅಲ್ಲಿ ಅನ್ನ ಸಿಗುವುದಿಲ್ಲ ಎಂದು ಅವಲಕ್ಕಿ ಕುಟ್ಟಿಸಿದರು. ಹೆಡ್‌ಮಾಸ್ಟರು ರಜೆ ಕೊಟ್ಟು, ಬಂದ ಮೇಲೆ ಮಕ್ಕಳಿಗೆ ಅದರ ಬಗ್ಗೆ ಹೇಳಬೇಕು ಎಂದಿದ್ದರು. ನಿನ್ನೆ ನಿನ್ನ ಕಾಗದ ಬಂತು.

ನೀನು ಆ ವೇದಿಕೆಯ ಮೇಲೆ ನಿಂತು ಪದಕ ತೆಗೆದುಕೊಂಡು, "ಇದರಲ್ಲಿ ಅರ್ಧ ಸುನಂದಳದು" ಎಂದು ಒಂದು ಮಾತು ಹೇಳಿದ್ದರೆ ಅಷ್ಟೂ ಜನ ಕೇಳುತ್ತಿದ್ದರು. ಪತ್ರಿಕೆಯವರು ಬರೆದುಕೊಳ್ಳುತ್ತಿದ್ದರು. ನನ್ನ ಗಂಡ ಅಲ್ಲಿ ಕೂತು ಕೇಳುತ್ತಿದ್ದರು. ಈಗ ಏನಾಯಿತು? ಇವತ್ತಿನ ಪತ್ರಿಕೆಯಲ್ಲಿ ಬೇರೆ ಯಾರದೋ ಭಾವಚಿತ್ರ ಬಂದಿದೆ. ಮೊದಲು ಆಯ್ಕೆಯಾದವರು ವೈಯಕ್ತಿಕ ಕಾರಣದಿಂದ ಒಪ್ಪಲಿಲ್ಲ ಎಂದು ಒಂದು ಸಾಲು. ನಿನ್ನ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ.

ನಾನು ಬೇಡ ಎಂದಾಗ ನನ್ನನ್ನು ಎರಡನೆಯ ಸಲ ಕೇಳಲಿಲ್ಲ. ನೀನು ಬೇಡ ಎನ್ನುವಾಗ ನನ್ನನ್ನು ಮೊದಲನೆಯ ಸಲವೂ ಕೇಳಲಿಲ್ಲ. ನಿನ್ನ ಮನಸ್ಸು ಸ್ವಚ್ಛವಾಯಿತು. ಸಂತೋಷ. ನನಗೇನು ಉಳಿಯಿತು?

ಯಜಮಾನರು ಟಿಕೆಟ್ಟು ವಾಪಸ್ಸು ಮಾಡಲು ಮತ್ತೆ ಮೈಸೂರಿಗೆ ಹೋಗಿದ್ದಾರೆ.

ನೀನು ಸದ್ಯಕ್ಕೆ ಬರೆಯಬೇಡ. ಈ ಸಲ ಬೇಡ ಎಂದರೆ ಬೇಡ.

ಸುನಂದ


ಬೊಂಬಾಯಿ
೩೦ ಜೂನ್ ೧೯೭೪

ಸುನಂದಾ,

ಬರೆಯಬೇಡ ಎಂದಿದ್ದೆ. ಈ ಸಲ ನಿನ್ನ ಮಾತು ಕೇಳುವುದಿಲ್ಲ.

ನಾನು ಮೇ ತಿಂಗಳಲ್ಲಿ ಸರಗೂರಿಗೆ ಬಂದದ್ದು ನಿನಗೆ ತಿಳಿದೇ ಇದೆ. ಬರುತ್ತೇನೆ ಎಂದು ಕಾರ್ಡು ಹಾಕಿದ್ದೆನಲ್ಲ. ಹುಣಸೂರಿನಲ್ಲಿ ಬಸ್ಸು ಬದಲಿಸಿ, ಕೋಟೆ ಊರಿನ ಮೂಲಕ ಸರಗೂರಿಗೆ ಬಂದು ಇಳಿದಾಗ ಬಸವರಾಜು ಅವರು ನಿಲ್ದಾಣದಲ್ಲಿ ನಿಂತಿದ್ದರು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, ನೆಲ ನೋಡುತ್ತ ಹೇಳಿದರು: "ತವರ್ಗೆ ವಂಟೋದ್ಲು ಕಣ್ರಮ್ಮ. ನಿಮ್ ಕಾರ್ಡ್ ಬಂತಲ್ಲ, ಅದರ ಮಾರ್ನೆ ದಿನ. ನಾನು ಏಳ್ದೆ, ಕೇಳ್ನಿಲ್ಲ. ಬನ್ನಿ, ಅವ್ವ ಅಡ್ಗೆ ಮಾಡವ್ಳೆ."

ನಿಮ್ಮ ಅತ್ತೆ ನನಗೆ ರೊಟ್ಟಿ ಹಾಕಿ, ಎದುರಿಗೆ ಕೂತರು. ನಾನು ಸಾಕು ಎಂದೆ. ಇನ್ನೊಂದು ಹಾಕಿದರು. ಆಮೇಲೆ ಹೇಳಿದರು: "ನಮ್ ಸುನಂದಂದು ಬೇಡ ಅಂದ್ರೆ ಬೇಡ ಅಂತ ಅಲ್ಲ ಕಣವ್ವ. ಅದ ತಿಳ್ಕಳಕ್ಕೆ ನನ್ಗೆ ಒಂದ್ ವರ್ಸ ಬೇಕಾಯ್ತು. ಎಬ್ಬೆಟ್ಟೊತ್ತೋಳು ನಾನು. ನೀನು ಎರಡ್ ವರ್ಸ ಅವಳ್ ಜೊತೇಲೇ ಇದ್ಯಂತೆ." ಅವರು ಬೈಯಲಿಲ್ಲ ಸುನಂದಾ. ಬೈದಿದ್ದರೆ ಆ ಎರಡನೆಯ ರೊಟ್ಟಿಯನ್ನೂ ತಿಂದು ಮುಗಿಸುತ್ತಿದ್ದೆ.

ಪರಿಷತ್ತಿಗೆ ಎರಡು ಸಲ ಹೋಗಿ ಬಂದೆ. ಕೊಟ್ಟಾಗಿದೆ, ಮುಗಿದ ಸಂಗತಿ ಎಂದರು. ಲೇಖನ ಅಚ್ಚಾದ ಪತ್ರಿಕೆಯವರು ಮಾತ್ರ ಒಪ್ಪಿದ್ದಾರೆ. ಆಗಸ್ಟಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ: ಈ ಲೇಖನದ ಕರ್ತೃಗಳು ಇಬ್ಬರು, ಮೊದಲ ಹೆಸರು ಬಿ. ಸುನಂದಮ್ಮ, ಸರಗೂರು. ನಾಲ್ಕು ಸಾಲಷ್ಟೇ, ಕೊನೆಯ ಪುಟದಲ್ಲಿ. ಅದು ಸಾಲದು ಎಂದು ನನಗೆ ಗೊತ್ತು.

ಹತ್ತು ದಾರಿ ಒಟ್ಟಿಗೆ ಹೋದರೆ ಏನು ಮಾಡುವುದು ಎನ್ನುವುದರ ಮೇಲೆ ಬರೆಯುತ್ತಿರುವ ಲೇಖನವನ್ನು ಇದರ ಜೊತೆ ಕಳಿಸಿದ್ದೇನೆ. ಮೇಲೆ ಇಬ್ಬರ ಹೆಸರೂ ಇದೆ, ನಿನ್ನ ಹೆಸರಿನ ಕೆಳಗೆ ಶಾಲೆಯ ಹೆಸರೂ ಇದೆ. ಬೇಡ ಎಂದು ಬರೆದರೆ ಮತ್ತೆ ಕೇಳುತ್ತೇನೆ. ಮತ್ತೂ ಬೇಡ ಎಂದರೆ ಮತ್ತೆ. ನನ್ನ ಜೊತೆ ಇದನ್ನು ಮುಗಿಸಿಕೊಡು.

ನಿನ್ನ
ಭದ್ರ


ಸರಗೂರು
೨೫ ಆಗಸ್ಟ್ ೧೯೭೪

ಭದ್ರಾ,

ನೀನು ಬಂದಾಗ ನಾನು ಕೃಷ್ಣರಾಜನಗರದಲ್ಲಿ ಅಪ್ಪನ ಮನೆಯ ಜಗಲಿಯಲ್ಲಿ ಕೂತು, ಈಗ ಬಸ್ಸು ಹುಣಸೂರಿಗೆ ಬಂದಿರುತ್ತದೆ, ಈಗ ಸರಗೂರಿಗೆ ಬಂದಿರುತ್ತದೆ ಎಂದುಕೊಳ್ಳುತ್ತಿದ್ದೆ. ಸಂಜೆಗೆ ಎದ್ದು ಹೊರಡೋಣ ಅನ್ನಿಸಿತು. ಹೊರಡಲಿಲ್ಲ. ಈಗ ಅದನ್ನು ಹೇಳಿ ಏನು ಪ್ರಯೋಜನ.

ತಿದ್ದುಪಡಿ ಬಂದ ಸಂಚಿಕೆ ತಲುಪಿತು. ಯಜಮಾನರು ಅದನ್ನು ಹೆಡ್‌ಮಾಸ್ಟರಿಗೆ ತೋರಿಸಿ, ಅಂಚೆಯವನಿಗೆ ತೋರಿಸಿ, ಕೊನೆಗೆ ಬೆಟ್ಟಸ್ವಾಮಿಗೂ ತೋರಿಸಿದರಂತೆ. ಇಂಗ್ಲಿಷ್ ಬಾರದಿದ್ದರೂ ನನ್ನ ಹೆಸರು ಎಲ್ಲಿದೆ ಎಂದು ಅವರಿಗೆ ಗೊತ್ತು, ಅಲ್ಲಿ ಬೆರಳಿಟ್ಟು ಹಿಡಿದುಕೊಂಡಿರುತ್ತಾರೆ. ನಿನಗೆ ಕೃತಜ್ಞತೆ ಹೇಳಬೇಕು ಎಂದಿದ್ದಾರೆ. ಅವರ ಪರವಾಗಿ ಹೇಳಿದ್ದೇನೆ.

ಹಿನ್ನೀರು ತುಂಬಿದೆ. ಮೇಲಿನ ಊರುಗಳವರೆಲ್ಲ ಎದ್ದು ಹೊಸ ಜಾಗಕ್ಕೆ ಹೋದರು. ನನ್ನ ತರಗತಿಗೆ ಎಂಟು ಹುಡುಗಿಯರು ಹೊಸದಾಗಿ ಸೇರಿದ್ದಾರೆ, ಯಾವ ಊರು ಎಂದರೆ ಹಿನ್ನೀರಿನ ಕಡೆ ಕೈ ತೋರಿಸುತ್ತಾರೆ.

ನಿನ್ನ ಹೊಸ ಲೇಖನವನ್ನು ಓದಬಾರದು ಎಂದುಕೊಂಡು ನಾಗಂದಿಗೆಯ ಮೇಲಿಟ್ಟಿದ್ದೆ. ಆಮೇಲೆ ಇಳಿಸಿ ಓದಿದೆ. ಬೇಡ ಎಂದು ನಾನು ಈ ಸಲ ಹೇಳುತ್ತಿಲ್ಲ. ಹೂಂ ಎನ್ನಬೇಕೆಂದೇ ಕೂತೆ. ಶ್ರಾವಣ ಪೂರ್ತಿ, ಶಾಲೆಯಿಂದ ಬಂದ ಮೇಲೆ, ಗೌರಿಯನ್ನು ಅತ್ತೆಗೆ ಕೊಟ್ಟು ಕೂತೆ. ಮನೆಯಲ್ಲಿ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ, ಪಾತ್ರೆಯ ಸದ್ದೂ ಆಗದಂತೆ ಓಡಾಡುತ್ತಿದ್ದರು.

ಆರನೆಯ ಪುಟದಲ್ಲಿ ಒಂದು ತಪ್ಪಿದೆ ಭದ್ರಾ. ಓದುವಾಗ ಅಲ್ಲಿ ಕಾಲು ತಡವರಿಸುತ್ತದೆ. ಮೊದಲಾಗಿದ್ದರೆ ನೇರವಾಗಿ ಆ ಸಾಲಿನ ಮೇಲೆ ಗೀರು ಹಾಕಿ ಕಳಿಸುತ್ತಿದ್ದೆ. ಈಗ ತಪ್ಪಿದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಎಲ್ಲಿ ಎಂದು ಹುಡುಕುತ್ತ ಹೋದರೆ, ಹೋದ ಕಡೆಯೆಲ್ಲ ಸರಿಯಾಗಿಯೇ ಕಾಣುತ್ತದೆ. ಬಹಳ ಪ್ರಯತ್ನಪಟ್ಟೆ ಕಣೇ. ಇಂಥ ಲೆಕ್ಕ ಬಿಟ್ಟು ಐದು ವರ್ಷವಾಗುತ್ತ ಬಂತು, ಇದನ್ನು ಮುಗಿಸಿಕೊಡುವುದು ಇನ್ನು ನನ್ನಿಂದಾಗದು.

ನೀನೇ ನೋಡಿಕೊ.

ನಿನ್ನ
ಸುನಂದ